ಹತ್ತು ಗಂಟೆಯ ಹೆಬ್ಬೆರಳು

ಚೆಂಡು ಕೈಬಿಟ್ಟು ಮುಂದೆ ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲ. ಐದೂವರೆ ಕಿಲೊ ತೂಕದ ಅದು, ತೂತಿನಲ್ಲಿ ಸಿಕ್ಕಿದ್ದ ಅಶ್ವಜಿತನ ಹೆಬ್ಬೆರಳಿಗೇ ಜೋತುಬಿದ್ದು ಅವನನ್ನೇ ಎಳೆದುಕೊಂಡು ಹೊರಟಿತು. ಗೆರೆ ದಾಟಿದ. ಎಣ್ಣೆ ಸವರಿದ ಹಾಸಿನ ಮೇಲೆ ಎರಡು ಹೆಜ್ಜೆ ಜಾರಿದ. ಮಂಡಿಯೂರಿ ಕೂತ. ಆಗ ಚೆಂಡು ಮನಸ್ಸು ಬದಲಿಸಿ ಬೆರಳು ಬಿಟ್ಟಿತು. ಬಿದ್ದ ಸದ್ದಿಗೆ ಪಕ್ಕದ ಲೇನಿನಲ್ಲಿ ಕೇಕು ಕತ್ತರಿಸುತ್ತಿದ್ದ ಹುಟ್ಟುಹಬ್ಬದ ಮಕ್ಕಳು ಚಾಕು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಚೆಂಡು ಬಹಳ ನಿಧಾನವಾಗಿ, ಮದುವೆ ಊಟ ಮುಗಿಸಿ ಹೊರಟ ಹಿರಿಯರ ಹಾಗೆ, ಬದಿಯ ಕಾಲುವೆಗೆ ಉರುಳಿಹೋಯಿತು.

"ಏ ಅಶ್ವ," ಎಂದರು ಮ್ಯಾನೇಜರ್ ಸುಶೀಲಕುಮಾರ, ಕೌಂಟರಿನಿಂದಲೇ. "ಚೆಂಡ್ ಒಗಿ ಅಂದ್ರ ನೀನೇ ಯಾಕ ಹೊಂಟಿ? ಪಿನ್ ಕೆಡವ್ಲಿಕ್ಕ ಚೆಂಡ್ ಅದಲ್ಲ?"

ಮಕ್ಕಳ ತಾಯಂದಿರೂ ನಕ್ಕರು. ಒಬ್ಬರು ಫೋನಿನಲ್ಲಿ ಹಿಡಿದುಕೊಂಡಿದ್ದರು.

ಬೀದರಿನ ಆ ಗೇಮ್ ಝೋನಿನಲ್ಲಿ ಬೌಲಿಂಗ್ ಆಡುವ ನಾಲ್ಕು ಲೇನುಗಳಿವೆ. ಲೇನಿನ ಕೊನೆಗೆ ಚಿತ್ರ ಬರೆದ ಒಂದು ಗೋಡೆ. ಆ ಗೋಡೆಯ ಹಿಂದೆ, ಬಿದ್ದ ಹತ್ತು ಪಿನ್ನುಗಳನ್ನು ಬಾಚಿ ಮತ್ತೆ ನಿಲ್ಲಿಸುವ ನಾಲ್ಕು ಯಂತ್ರಗಳು. ಅವುಗಳ ನಡುವೆ ಸ್ಪ್ಯಾನರು ಹಿಡಿದು, ಕಿವಿಗೆ ಹತ್ತಿ ತುರುಕಿಕೊಂಡು ಮೂರು ವರ್ಷದಿಂದ ನಿಂತವನು ಅಶ್ವಜಿತ. ಬೀದರಿನ ಜನ ಕೆಡವುತ್ತಾರೆ, ಅವನು ಎಬ್ಬಿಸುತ್ತಾನೆ. ಸಂಬಳದ ಕೆಲಸವೆಂದರೆ ಇಷ್ಟೇ. ಅಂದು ಮೊದಲ ಸಲ ಜನರ ಕಣ್ಣೆದುರು ಗೋಡೆಯ ಈಚೆ ಬಂದು ಆಡಿದ್ದ. ಬಂದವನು ಹೀಗೆ ಬಂದ.

ಅವನ ಊರು ಔರಾದ ತಾಲ್ಲೂಕಿನ ಸಂತಪುರ. ಅಪ್ಪ ಪಂಢರಿ ಬಸ್ ಸ್ಟ್ಯಾಂಡಿನ ಬಳಿ ಪಂಕ್ಚರ್ ಅಂಗಡಿ ಇಟ್ಟವರು. ಮಗ ಭಾಲ್ಕಿಯಲ್ಲಿ ಐ.ಟಿ.ಐ. ಓದಿ ಫಿಟ್ಟರ್ ಆದ. ಪ್ರಮಾಣಪತ್ರದಲ್ಲಿ ನೂರಕ್ಕೆ ಎಪ್ಪತ್ತೆಂಟು ಅಂಕ ಬಿದ್ದಿವೆ. ಬಾಡಿಗೆ ಕೋಣೆಯ ಗೋಡೆಗೆ ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾನೆ. ಆ ಅಂಕಗಳು ಅವನಿಗೆ ಏನು ಮಾಡಿದವು ಎಂಬುದು ಮುಂದೆ ಬರುತ್ತದೆ. ಮಾನ ಹೋಗುವ ಸಂಗತಿಯಾದ್ದರಿಂದ ಅವಸರವಿಲ್ಲ.

ಯಂತ್ರ ರಿಪೇರಿಯಾದ ಮೇಲೆ ಎರಡು ಚೆಂಡು ಹಾಕಿ ನೋಡಬೇಕು ಎಂಬುದು ಅಲ್ಲಿನ ನಿಯಮ. ಹನ್ನೊಂದಕ್ಕೆ ಬಾಗಿಲು ತೆರೆಯುವ ಜಾಗಕ್ಕೆ ಅಶ್ವಜಿತ ಒಂಬತ್ತಕ್ಕೇ ಬರತೊಡಗಿದ. ಎರಡು ಚೆಂಡು ಇಪ್ಪತ್ತಾದವು, ಇಪ್ಪತ್ತು ಎರಡು ಆಟವಾದವು. ಕೆಡದ ಯಂತ್ರಗಳೂ ಅವನ ಕಾಲದಲ್ಲಿ ದಿನವೂ ರಿಪೇರಿಯಾದವು. ಮಾಲೀಕರ ಎಲ್ಲ ಝೋನುಗಳಿಂದ ನಾಲ್ಕು ನಾಲ್ಕು ಕೆಲಸಗಾರರು ಮೇ ತಿಂಗಳಲ್ಲಿ ಹೈದರಾಬಾದಿಗೆ ಹೋಗಿ ಆಡಬೇಕು ಎಂಬ ಸುದ್ದಿ ಬಂದಾಗ ಬಿಳಿ ಹಲಗೆಯ ಮೇಲೆ ಐದು ಹೆಸರು ಬಿದ್ದವು. ಬೆಳಗಿನ ಆಟದ ಅಂಕಗಳನ್ನು ನೋಡಿ ಬರೆದ ಪಟ್ಟಿ. ಮೊದಲ ಹೆಸರು ಅಶ್ವಜಿತನದು.

ಅವನು ಮಾಡಿದ ಮೊದಲ ಮೂರ್ಖತನವೆಂದರೆ ಹಲಗೆಯ ಫೋಟೊ ತೆಗೆದು ಅಪ್ಪನಿಗೆ ಕಳಿಸಿದ್ದು. ಪಂಢರಿ ಅದನ್ನು ಪಂಕ್ಚರಿಗೆ ಬಂದವರಿಗೆಲ್ಲ ತೋರಿಸಿದರು. ಬಸ್ಸು ಕಾಯುವವರಿಗೂ ತೋರಿಸಿದರು. ಐವರಲ್ಲಿ ಒಬ್ಬ ಉಳಿಯುತ್ತಾನೆ ಎಂಬುದು ಆ ಫೋಟೊದಲ್ಲಿ ಕಾಣುವುದಿಲ್ಲವಲ್ಲ. ಸಂತಪುರದ ಮಟ್ಟಿಗೆ ಅವನು ಹೈದರಾಬಾದಿಗೆ ಹೋಗಿ ಗೆದ್ದೂ ಆಗಿತ್ತು.

ಅಳತೆಯ ಕಥೆ ಜನವರಿಯದು. ಐವರಿಗೂ ಅವರವರ ಕೈಗೆ ತಕ್ಕಂತೆ ತೂತು ಕೊರೆದ ಚೆಂಡು ಕೊಡಿಸಲು ಹೈದರಾಬಾದಿನಿಂದ ಕೋಚ್ ತನ್ವೀರ ಬಂದಿದ್ದರು. ಮೂಲ ಇಲ್ಲೇ ಬಗದಲ್‌ನವರು. ಹದಿನೈದು ವರ್ಷದಿಂದ ಅಲ್ಲಿ. ನಮ್ಮವರೇ ಎಂದು ಅಶ್ವಜಿತನಿಗೆ ಹೆಮ್ಮೆಯಾಗಿತ್ತು. ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಮಫ್ಲರು ಸುತ್ತುವ ಚಳಿ, ಒಳಗೆ ಅವರಿಗಾಗಿ ಎ.ಸಿ. ಬೇರೆ ಹಾಕಿಸಿದ್ದರು. ಬೇರೆ ಬೇರೆ ಅಳತೆಯ ತೂತುಗಳಿದ್ದ ಒಂದು ಚೆಂಡಿನಲ್ಲಿ ಒಬ್ಬೊಬ್ಬರ ಹೆಬ್ಬೆರಳು ತೂರಿಸಿದರು. ಎರಡು ನಿಮಿಷಕ್ಕೆ ಒಬ್ಬ ಮನುಷ್ಯ. "ಇದು ಬರೋಬ್ಬರ್. ಮುಂದಿನವ್ರು." ರಿಜಿಸ್ಟರಿನಲ್ಲಿ ಅಂಕಿ ಬರೆದು ಸಹಿ ಹಾಕಿಸಿಕೊಂಡರು. ಅಶ್ವಜಿತ ಚಂದದ ಸಹಿ ಹಾಕಿದ.

ಅದೇ ಮಧ್ಯಾಹ್ನ ಕೋಚ್ ಆಡಿ ತೋರಿಸುವವರಿದ್ದರು. ತಮ್ಮ ಚೆಂಡನ್ನು ಅಶ್ವಜಿತನ ಕೈಗಿಟ್ಟು, "ಜರಾ ಒರೆಸಿಡು ತಮ್ಮಾ," ಎಂದರು. ಅವನು ಹೊರಗೆಲ್ಲ ಕನ್ನಡಿಯ ಹಾಗೆ ಒರೆಸಿದ. ಹೆಬ್ಬೆರಳ ತೂತಿನೊಳಗೆ ನೋಡಿದರೆ ಬಿಳಿಯ ತುಣುಕುಗಳು, ಒಂದರ ಮೇಲೊಂದು ಅಂಟಿಕೊಂಡಿದ್ದವು. ಅಷ್ಟು ದೊಡ್ಡ ಊರಿನಲ್ಲೂ ಚೆಂಡು ತೊಳೆಯುವವರು ಇಲ್ಲವೇ ಎಂದು ಅವನಿಗೆ ಮರುಕವಾಯಿತು. ಸ್ಕ್ರೂಡ್ರೈವರಿನಿಂದ ಕೆರೆದು, ಸೀಮೆಎಣ್ಣೆ ಬಟ್ಟೆ ಹಾಕಿ ತಿರುವಿ, ತೂತನ್ನು ಹೊಸದರಂತೆ ಮಾಡಿಕೊಟ್ಟ.

ಕೋಚ್ ಮೊದಲ ಚೆಂಡಿಗೆ ಕೈ ಹಿಂದಕ್ಕೆ ಬೀಸಿದರು. ಚೆಂಡು ಹಿಂದೆಯೇ ಉದುರಿ, ಶೂ ಕೊಡುವ ಕೌಂಟರಿನವರೆಗೆ ಉರುಳಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅವರು, "ಲೇನಿಗಿ ಎಣ್ಣಿ ಬರೋಬ್ಬರ್ ಹಚ್ಚಿಲ್ಲ, ಕಾಲ್ ನಿಂದರಲ್ದು," ಎಂದು ಆಟ ನಿಲ್ಲಿಸಿದರು. ಅಶ್ವಜಿತ ನಾಲ್ಕೂ ಲೇನುಗಳನ್ನು ಒರೆಸಿ ಮತ್ತೆ ಎಣ್ಣೆ ಹಚ್ಚಿದ. ಸಂಜೆಯಾಯಿತು. ಎಣ್ಣೆಯ ತಪ್ಪು ತನ್ನದೇ ಎಂದು ಎರಡು ದಿನ ಕೊರಗಿದ.

ಫೆಬ್ರುವರಿಯಲ್ಲಿ ಬಂದ ಅವನ ಚೆಂಡು ಬೆಳಗಿನ ಹೊತ್ತು ಕೈಗೆ ಅಚ್ಚು ಹಾಕಿದಂತೆ ಕೂರುತ್ತಿತ್ತು. ಈಗ ಏಪ್ರಿಲ್. ಮಧ್ಯಾಹ್ನ ಮೂರು. ಗಿರಾಕಿ ಕಡಿಮೆ ಇದ್ದರೆ ಮ್ಯಾನೇಜರ್ ಎ.ಸಿ. ಆರಿಸುತ್ತಾರೆ. ಮೊದಲ ಎರಡು ಆಟ ಸುರಳೀತ. ಮೂರನೆಯದಕ್ಕೆ ಬೆರಳು ತೂತಿನಲ್ಲಿ ಬಿಗಿಯಾಯಿತು. ನಾಲ್ಕನೆಯದಕ್ಕೆ ಚೆಂಡು ಅವನನ್ನು ಹೊತ್ತೊಯ್ದಿತು.

ಸುಶೀಲಕುಮಾರ ಬಿಳಿ ಹಲಗೆಯ ಬಳಿ ಹೋಗಿ ಅಶ್ವಜಿತನ ಹೆಸರಿನ ಮೇಲೆ ಗೆರೆ ಎಳೆದರು. ಅಷ್ಟಕ್ಕೇ ಬಿಡಬಹುದಿತ್ತು. ಪಕ್ಕದಲ್ಲಿ ಬರೆದರು: 'ಹೆಬ್ಬೆರಳಿನ ದೋಷ'.

"ಸರ್, ಅದೇನ್ರಿ ದೋಷ? ಮುಂಜಾನಿ ಛಲೋ ಹೋಗ್ತದ್ರಿ."

"ಮುಂಜಾನಿ ಹೋಗಿ ಸಂಜಿಕಿ ಹೋಗಲ್ದಂದ್ರ ಅದಕ್ಕ ದೋಷಾನೇ ಅಂತಾರ. ಹೈದ್ರಾಬಾದ್‌ನಾಗ ಮಂದಿ ಮುಂದ ಬಿದ್ರ ನಮ್ಮ ಝೋನಿನ ಮರ್ಯಾದಿ ಏನಾಗ್ಬೇಕು?"

ಫೋನಿನ ಸ್ಪೀಕರಿನಲ್ಲಿ ಕೋಚ್ ತನ್ವೀರ ತೀರ್ಪು ಕೊಟ್ಟರು. "ಅಳತಿ ನಾ ಸ್ವಂತ ತಗೊಂಡೀನಿ. ಚೆಂಡಿಂದೇನು ತಪ್ಪಿಲ್ಲ. ಹಳ್ಳಿ ಹುಡುಗ್ರ ಕೈ ಬಿಗಿ ಇರ್ತದ, ಸಲಿಕಿ ಹಿಡ್ದಂಗ ಹಿಡೀತಾರ. ಬರೋ ಐತ್ವಾರ ನಾನೇ ಬರ್ತೀನಿ. ಆರ್ ಗೇಮ್. ಬೇಕಾದ್ರ ಅವನೂ ಆಡ್ಲಿ. ಒಂದ್ ಸಲ ಚೆಂಡ್ ನೆಲಕ್ಕ ಬೀಳಿಸಿದ್ರ ಮತ್ತ ಕೇಳ್ಬ್ಯಾಡ್ರಿ, ಮುಗೀತು."

ಚೆಂಡಿನ ತಪ್ಪಿಲ್ಲ, ಅಳತೆಯ ತಪ್ಪಿಲ್ಲ, ಅಳೆದವರ ತಪ್ಪಂತೂ ಮೊದಲೇ ಇಲ್ಲ. ಉಳಿದದ್ದು ಬೆರಳೊಂದೇ. ಅಶ್ವಜಿತನಿಗೆ ಮೈ ಉರಿಯಿತು. ಸಲಿಕೆ ಅವನು ಹಿಡಿದವನೇ ಅಲ್ಲ. ಹಿಡಿದು ಅನ್ನ ತಿಂದವರ ಮನೆಯವನು, ಹಿಡಿದಿದ್ದರೂ ಅದರಲ್ಲೇನು ಕೊರತೆ? ಮೂರು ವರ್ಷ ಇವರ ಯಂತ್ರಗಳ ಹಲ್ಲುಗಳ ನಡುವೆ ಇದೇ ಬೆರಳು ಓಡಾಡುವಾಗ ದೋಷ ಕಾಣಲಿಲ್ಲ. ಈ ಮಾತುಗಳನ್ನೆಲ್ಲ ಅವನು ಖಡಾಖಂಡಿತವಾಗಿ, ಗಟ್ಟಿಯಾಗಿ, ಗೋಡೆಯ ಹಿಂದೆ ಎರಡನೇ ನಂಬರ್ ಯಂತ್ರದ ಮುಂದೆ ನಿಂತು ಹೇಳಿದ. ಆ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ.

ಮಂಗಳವಾರ ರಜೆ. ಸಂತಪುರಕ್ಕೆ ಹೋದ. ಬಸ್ಸಿಳಿಯುತ್ತಿದ್ದಂತೆ ಹೋಟೆಲಿನವರು, "ಏನಪಾ ಬೌಲರ್, ಸ್ಪಿನ್ನೋ ಫಾಸ್ಟೋ?" ಎಂದರು. ವಿಕೆಟ್ಟುಗಳು ಹತ್ತು, ಬ್ಯಾಟು ಇಲ್ಲ ಎಂದು ವಿವರಿಸುವಷ್ಟರಲ್ಲಿ ಅವರಿಗೆ ಆಸಕ್ತಿ ಹೋಯಿತು. ಅಪ್ಪ ಟ್ಯೂಬು ನೀರಿನಲ್ಲಿ ಅದ್ದುತ್ತ ಕೇಳಿದರು:

"ಯಾವತ್ತು ಹೋಗೋದು ಹೈದ್ರಾಬಾದಿಗಿ? ನಾಕ್ ಮಂದಿ ತಾರೀಖ್ ಕೇಳ್ಲತ್ತಾರ."

"ಹೇಳ್ತಾರಪ್ಪಾ ಇನ್ನಾ."

"ಹೇಳ್ತಾರಂದ್ರ? ಹೆಸ್ರು ಬರ್ದಾರಲ್ಲ."

"ಬರ್ದಾರ," ಎಂದ. ಗೆರೆಯ ಮಾತು ಆಡಲಿಲ್ಲ.

ಆಯಿ ಅಂಜನಾಬಾಯಿ ಮಾತ್ರ ಬಂದ ಕೂಡಲೇ ಮೊಮ್ಮಗನ ಹೆಬ್ಬೆರಳನ್ನು ಬದನೆಕಾಯಿ ಆರಿಸುವಂತೆ ಒತ್ತಿ ನೋಡಿದಳು. "ಬಾವ್ ಬಂದದ ಯವ್ವಾ. ಉಳುಕ್ಯಾದ. ನೀ ಸುಮ್ನ ಕುಂದ್ರು." ಸುಣ್ಣ, ಅರಿಶಿಣ ಬಿಸಿ ಮಾಡಿ ದಪ್ಪಗೆ ಮೆತ್ತಿ, ಔಡಲ ಎಲೆ ಸುತ್ತಿ, ಹಳೆಯ ಸೀರೆಯ ಅಂಚಿನಿಂದ ಎತ್ತಿನ ಹಗ್ಗದಂತೆ ಬಿಗಿದಳು. ಉಳುಕಿಲ್ಲ, ಬಿಸಿಗೆ ಬಾವು ಹೆಚ್ಚಾಗುತ್ತದೆ ಎಂದು ಐ.ಟಿ.ಐ. ಓದಿದವನಿಗೆ ಹೊಳೆಯಬೇಕಿತ್ತು. ಅವನು ಬದಲಾಗಿ, "ಇನ್ನೊಂಚೂರು ಬಿಗಿ ಕಟ್ಟಾಯಿ," ಎಂದ.

ಬುಧವಾರ ಬೆಳಿಗ್ಗೆ ಬೀದರಿಗೆ ಬಂದಿಳಿದಾಗ ಹೆಬ್ಬೆರಳು ಹಳದಿಯಾಗಿ, ತುಂಬಿಕೊಂಡು, ತನ್ನದೇ ಒಂದು ಸಂಸಾರ ಹೂಡುವ ಹಾಗಿತ್ತು. ಹಾಜರಿ ಯಂತ್ರದ ಮೇಲಿಟ್ಟ. ಗುರುತಿಸಲಿಲ್ಲ. ಒರೆಸಿ ಇಟ್ಟ. ಯಂತ್ರ ಕೆಂಪು ದೀಪ ತೋರಿಸಿ ಬೊಗಳಿತು.

"ನೋಡಪಾ," ಎಂದರು ಸುಶೀಲಕುಮಾರ, "ಮಷೀನಿಗೂ ಗೊತ್ತಾಯ್ತು. ಇವತ್ತು ಅರ್ಧ ದಿನ ಗೈರು."

"ಸರ್, ನಾ ನಿಮ್ಮ ಮುಂದೇ ನಿಂತೀನಲ್ರಿ!"

"ನೀ ನಿಂತಿ. ಬೆರಳು ಬಂದಿಲ್ಲ."

ಶೂ ಕೌಂಟರಿನ ಗುಡಿಯಾ ಇದನ್ನೆಲ್ಲ ನೋಡುತ್ತಿದ್ದಳು. ಹಲಗೆಯ ಮೇಲಿನ ಐವರಲ್ಲಿ ಅವಳೂ ಒಬ್ಬಳು. ಮ್ಯಾನೇಜರ್ ಅತ್ತ ಹೋದ ಮೇಲೆ ತನ್ನ ಬಲಗೈ ಹೆಬ್ಬೆರಳು ಎತ್ತಿ ತೋರಿಸಿದಳು. ಗೆಣ್ಣಿನ ಮೇಲೆ ಚರ್ಮ ಕಿತ್ತು ಕೆಂಪಗಾಗಿತ್ತು.

"ಭೈಯ್ಯಾ, ನಂದೂ ಸಂಜಿಕಿ ಹಿಂಗೇ ಆಗ್ತದ. ನಾ ಹಲ್ ಕಚ್ಚಿ ಆಡ್ತೀನಿ. ಹೆಸ್ರ ಮ್ಯಾಲ ಗೆರಿ ಬೀಳ್ತದಂತ ಹೇಳಿಲ್ಲ."

"ಮತ್ತ ಏನ್ ಮಾಡೋದು? ತೂತು ದೊಡ್ಡದ್ ಮಾಡಿಸ್ಬಿಡ್ಲಿ ಅಂತ್ಹೇಳಿ ವಿಚಾರ ಮಾಡ್ಲತ್ತೀನಿ."

"ನಮ್ಮ ಅಬ್ಬಾನ ಕಡಿ ಹೋಗು. ಸಣ್ಣ ಕೆತ್ತನಿ ಕೆಲ್ಸ ಅವ್ರಗಿಂತ ಯಾರ್ ಮಾಡ್ತಾರ?"

ಗುಡಿಯಾಳ ಅಬ್ಬಾ ಗುಲಾಮ ರಸೂಲ ಚೌಬಾರದ ಹತ್ತಿರದ ಗಲ್ಲಿಯಲ್ಲಿ ಬಿದರಿ ಕೆಲಸ ಮಾಡುವವರು. ಹೂಜಿ, ಹೂದಾನಿಗಳ ಮೇಲೆ ಬಳ್ಳಿ ಕೆತ್ತಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಐವತ್ತು ದಾಟಿದ ಮೇಲೂ ಕನ್ನಡಕ ಹಾಕದಿರುವುದು ಅವರ ಒಂದೇ ಜಂಬ. ಅಶ್ವಜಿತ ಚೆಂಡನ್ನು ಜೋಳದ ಹಿಟ್ಟಿನ ಚೀಲದಲ್ಲಿ ಹಾಕಿಕೊಂಡು ಹೋದ. ಅವರು ಚೀಲದೊಳಗೆ ಇಣುಕಿ ನೋಡಿ ಹೆಂಡತಿಯನ್ನು ಕೂಗಿದರು.

"ಇಮಾಮಬೀ, ಬಾ ಇಲ್ಲಿ. ಗುಡಿಯಾ ಹೇಳ್ತಿದ್ದ ಚೆಂಡ್ ಬಂದದ. ಕಲ್ಲಂಗಡಿಗಿ ಮೂರ್ ತೂತು ಹೊಡ್ದಂಗ ಅದ."

"ಚಾಚಾ, ಈ ಹೆಬ್ಬಟ್ಟಿನ ತೂತು ಒಂದೀಟು ಅಗಲ ಮಾಡಿ ಕೊಡ್ರಿ. ಸಾಕಾಗ್ಯದ."

"ಎಷ್ಟು ಅಗಲ?"

"ಈ ಬೆರಳು ಹೋಗಿ ಬರೋವಷ್ಟು." ಹಳದಿ ಬೆರಳು ಮುಂದೆ ಚಾಚಿ, ಆಯಿ ಕಟ್ಟಿದ ಕಟ್ಟಿನ ಕಥೆ ಹೇಳಿದ.

ಗುಲಾಮ ರಸೂಲ ಅದನ್ನು ಮುಟ್ಟಲೂ ಇಲ್ಲ. "ಇದು ನಿನ್ ಬೆರಳಲ್ಲ ಬೇಟಾ, ನಿಮ್ಮಾಯಿ ಮಾಡಿದ್ದು. ಇದರ ಅಳತಿಗಿ ಕೊರದ್ರ ನಾಳಿ ಮುಂಜಾನಿ ಚೆಂಡ್ ನಿನ್ ಕಾಲ್ ಮ್ಯಾಲ ಬೀಳ್ತದ. ನಿನ್ ಆಟ ಎಷ್ಟೊತ್ತಿಗಿ?"

"ಐತ್ವಾರ ಹನ್ನೊಂದರಿಂದ ನಾಕರ ತನಾ."

"ಅಳತಿ ತಗೊಂಡಿದ್ದು?"

"ಜನವರಿದಾಗ. ಹತ್ತ್ ಗಂಟೆಕ್ಕ."

ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. "ಯಾವ ಗಧಾ ತಗೊಂಡಾನ?"

ಅಶ್ವಜಿತ ಕೋಚ್ ಹೆಸರು ಹೇಳಲಿಲ್ಲ. ಸಹಿ ಹಾಕಿದ ಕತ್ತೆ ಇಲ್ಲೇ ಕೂತಿದೆ ಎಂದೂ ಹೇಳಲಿಲ್ಲ.

ಗುಲಾಮ ರಸೂಲ ತಮ್ಮ ಕಲಮನ್ನು ಅವನ ಕಣ್ಣಿಗೆ ಹಿಡಿದರು. ಅವರು ಕೆತ್ತುವ ಸಣ್ಣ ಉಕ್ಕಿನ ಉಳಿಗೆ ಅವರ ಮನೆಯಲ್ಲಿ ಕಲಮು ಎನ್ನುತ್ತಾರೆ. ಬೆರಳು ಹಿಡಿಯುವ ಜಾಗಕ್ಕೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿತ್ತು. ಅವರ ಮಣೆಯ ಅಂಚಿಗೆ ಅಂಥವೇ ಮೂರು ಪಟ್ಟಿಗಳು ಸಾಲಾಗಿ ಅಂಟಿಕೊಂಡಿದ್ದವು.

"ಮುಂಜಾನಿ ಕೂಡಾಗ ಏಳ್ ಸುತ್ತು ಇರ್ತಾವ. ದಿನ ಪೂರಾ ಒತ್ತಿ ಒತ್ತಿ ಬೆರಳು ದಪ್ಪ ಆಗ್ತದ. ಆದಂಗೆಲ್ಲ ಒಂದೊಂದ್ ಬಿಚ್ಚೋದು. ಸಂಜಿ ಅಸರ್ ನಮಾಜಿನ ಹೊತ್ತಿಗಿ ಮೂರ್ ಉಳೀತಾವ. ಬಿಚ್ಚಲ್ದೇ ಕುಂತ್ರ ಗೆರಿ ದಪ್ಪ ಬರ್ತದ, ತಂತಿ ಕೂಡಲ್ದು. ನಮ್ಮ ಅಬ್ಬಾಜಾನ್ ಹಿಂಗೇ ಮಾಡ್ತಿದ್ರು. ಇದಕ್ಕೇನ್ ಸಾಲಿ ಕಲೀಬೇಕೇನು?"

"ನನ್ ಗಾಜಿನ ಬಳಿ ಮುಂಜಾನಿ ಸರಸರ ಏರ್ತಾವ, ಸಂಜಿಕಿ ತಗೀಬೇಕಂದ್ರ ಸಾಬೂನು ಬೇಕು," ಎಂದಳು ಇಮಾಮಬೀ ಚಹಾ ಇಡುತ್ತ. "ಬಳಿ ಮಾರೋರೂ ಮಧ್ಯಾಹ್ನದ ಕೈ ನೋಡಿ ಬಳಿ ಇಡ್ತಾರ. ನಿಮ್ ಮಾಸ್ತರ್‌ಗ ಬಳಿ ಅಂಗಡಿಗಿ ಕಳಸ್ರಿ."

ಅಶ್ವಜಿತ ಆ ಮೂರು ಪಟ್ಟಿಗಳನ್ನೇ ನೋಡುತ್ತ ಕೂತ. ಬಿಳಿಯ ತುಣುಕುಗಳು, ಒಂದರ ಮೇಲೊಂದು. ಸ್ಕ್ರೂಡ್ರೈವರು. ಸೀಮೆಎಣ್ಣೆ ಬಟ್ಟೆ. ಹಿಂದಕ್ಕೆ ಉದುರಿ ಶೂ ಕೌಂಟರಿನತ್ತ ಹೊರಟ ಚೆಂಡು.

ಮೊದಲು ಬಂದದ್ದು ನಾಚಿಕೆ. ಭಾಲ್ಕಿಯ ಐ.ಟಿ.ಐ.ಯಲ್ಲಿ ಮೊದಲ ತಿಂಗಳೇ ಹೇಳಿಕೊಟ್ಟಿದ್ದರು: ಓಡಿ ಬಿಸಿಯಾದ ಶಾಫ್ಟ್ ತಣ್ಣಗಿದ್ದಾಗಿನ ಅಳತೆಯಲ್ಲಿರುವುದಿಲ್ಲ, ಕೆಲಸ ಮಾಡುವಾಗ ಅದು ಎಷ್ಟಿರುತ್ತದೋ ಅದಕ್ಕೆ ತೂತು ಕೊರೆಯಬೇಕು. ಎಪ್ಪತ್ತೆಂಟು ಅಂಕ. ಕಬ್ಬಿಣ ಹಿಗ್ಗುತ್ತದೆ ಎಂದು ಬರೆದು ಅಂಕ ಗಿಟ್ಟಿಸಿದವನಿಗೆ ತನ್ನ ಕೈ ಕಬ್ಬಿಣಕ್ಕಿಂತ ಮೆತ್ತಗಿದೆ ಎಂಬುದು ತಿಳಿದಿರಲಿಲ್ಲ.

ಸಿಟ್ಟು ಅದರ ಹಿಂದೆಯೇ ಬಂತು, ಬಂದದ್ದು ಹೋಗಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಸರಿ. ಕೋಚ್‌ಗೆ ಗೊತ್ತಿತ್ತು. ತಮ್ಮ ಚೆಂಡಿನ ತೂತಿನಲ್ಲಿ ಪಟ್ಟಿ ಅಂಟಿಸಿಕೊಂಡು ಬಂದವರು ಐದು ಜನರಿಗೆ ಬರಿಯ ತೂತು ಕೊರೆಸಿ ಕೊಟ್ಟರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳುವುದು ಬಿಟ್ಟು ಹಳ್ಳಿ ಕೈ ಎಂದರು, ಸಲಿಕೆ ಎಂದರು. ಗುಡಿಯಾ ಎರಡು ತಿಂಗಳು ಹಲ್ಲು ಕಚ್ಚಿ ಚರ್ಮ ಕಿತ್ತುಕೊಂಡಳು.

"ಚಾ ಆರ್ಲತ್ತದ," ಎಂದಳು ಇಮಾಮಬೀ.

ಬಾವು ಇಳಿಯಲೆಂದು ಗುರುವಾರ ಅವನು ಚೆಂಡನ್ನು ಮುಟ್ಟಲಿಲ್ಲ. ಶುಕ್ರವಾರ ಗುಲಾಮ ರಸೂಲ ಹೇಳಿದಂತೆ ಹತ್ತು ಗಂಟೆಗೆ ಒಮ್ಮೆ, ಎರಡು ಆಟ ಆಡಿ ಒಮ್ಮೆ, ನಾಲ್ಕು ಆಡಿ ಒಮ್ಮೆ ಹೆಬ್ಬೆರಳಿಗೆ ದಾರ ಸುತ್ತಿ ಗಂಟು ಹಾಕಿಕೊಂಡ. ನಂಬಿಕೆ ಸಾಲದೆ ಐ.ಟಿ.ಐ. ಕಾಲದ ವರ್ನಿಯರ್ ಕ್ಯಾಲಿಪರನ್ನೂ ಹಿಡಿದು ನೋಡಿದ. ದಾರವೂ ಉಕ್ಕೂ ಒಂದೇ ಮಾತು ಹೇಳಿದವು: ಹತ್ತು ಗಂಟೆಯ ಹೆಬ್ಬೆರಳಿಗೂ ಮೂರು ಗಂಟೆಯ ಹೆಬ್ಬೆರಳಿಗೂ ಒಂದು ಮಿಲಿಮೀಟರಿಗೂ ಮಿಕ್ಕಿದ ವ್ಯತ್ಯಾಸ. ಒಂದು ಮಿಲಿಮೀಟರಿಗೆ ಹಲಗೆಯ ಮೇಲೆ ದೋಷವೆಂದು ಬರೆದಿದ್ದರು.

ಶನಿವಾರ ಗುಲಾಮ ರಸೂಲ ಕೊನೆಯ ಗಂಟಿನ ಅಳತೆಗೆ ಗುಂಡನೆಯ ಅರದಿಂದ ತೂತನ್ನು ಅಗಲಿಸಿದರು. ಉಜ್ಜುತ್ತಾ ಎಂಟು ಸಲ ಬೆರಳು ಹಾಕಿಸಿದರು. ತೂತಿನ ಬಾಯಿಯ ಚೂಪು ಅಂಚನ್ನು ಕೆರೆದು ಬಟ್ಟಲಿನ ತುಟಿಯಂತೆ ನುಣುಪು ಮಾಡಿದರು. "ಇದರಿಂದ ಗುಡಿಯಾನ ಚರ್ಮ ಹೋಗ್ಯದ," ಎಂದರು. ಆಮೇಲೆ ಮೆಡಿಕಲ್ ಅಂಗಡಿಯಿಂದ ತಂದ, ಗಾಯಕ್ಕೆ ಹಚ್ಚುವ ಬಟ್ಟೆ ಟೇಪನ್ನು ಉಗುರಗಲ ಕತ್ತರಿಸಿ ಒಳಗೆ ಐದು ಪದರ ಕೂರಿಸಿದರು.

"ಗೇಮಿಗೊಂದು ಅಂತ ಲೆಕ್ಕ ಇಡಬ್ಯಾಡ. ಬೆರಳಿಗಿ ಕೇಳು. ಬಿಗಿ ಅಂದ್ರ ಬಿಚ್ಚು. ಸಡ್ಲ ಅಂದ್ರ ಮತ್ತ ಹಚ್ಚು. ಮತ್ತ ಇನ್ನೊಂದು, ಸಿಟ್ಟಿನಾಗ ಆಡಬ್ಯಾಡ. ಸಿಟ್ಟಿಗಿ ಬೆರಳ್ ಒತ್ತಿ ಹಿಡೀತಿ, ಅದು ಜಾಸ್ತಿ ಬಾತದ."

ಭಾನುವಾರ ಕೋಚ್ ತನ್ವೀರ ತಮ್ಮ ಚೀಲದೊಂದಿಗೆ ಬಂದು ಮೊದಲ ಲೇನಿನ ಪಕ್ಕ ಕುರ್ಚಿ ಹಾಕಿಸಿಕೊಂಡರು. ಐವರೂ ಚೆಂಡು ಹಿಡಿದು ನಿಂತರು. ಸುಶೀಲಕುಮಾರ ಅಶ್ವಜಿತನ ಚೆಂಡಿನೊಳಗೆ ಬಗ್ಗಿ ನೋಡಿದರು.

"ಇದೇನಪಾ ಇದು? ಚೆಂಡಿಗಿ ಬ್ಯಾಂಡೇಜ್ ಕಟ್ಟಿದಿ? ಕಂಪನಿ ಸಾಮಾನು, ಕೇಳಲ್ದೇ ಅಗಲ ಮಾಡ್ಸೀದಿ? ಸರ್, ಇದು ನಡೀತದೇನ್ರಿ?"

ಕೋಚ್ ಚೆಂಡು ತೆಗೆದುಕೊಂಡು ತೂತಿನೊಳಗೆ ಬೆರಳಾಡಿಸಿದರು. ಅಶ್ವಜಿತ ಅವರ ಮುಖವನ್ನೇ ನೋಡಿದ. ಅಲ್ಲಿ ಆಶ್ಚರ್ಯವಿರಲಿಲ್ಲ. ಇದ್ದಿದ್ದರೆ ಅವನು ಅರ್ಧ ಸಿಟ್ಟು ಬಿಡುತ್ತಿದ್ದ.

"ನಡೀತದ. ಆಡ್ಲಿ," ಎಂದರು ಅವರು, ಚೆಂಡು ಮರಳಿಸುತ್ತ, ಬೇರೆ ಕಡೆ ನೋಡುತ್ತ.

ಅದೇ ಸಿಟ್ಟಿನಲ್ಲಿ ಮೊದಲ ಆಟ ಆಡಿ ಅವನು ಕೆಟ್ಟ. ಒತ್ತಿ ಹಿಡಿದ, ನಾಲ್ಕನೇ ಸರದಿಗೇ ಬೆರಳು ಉಬ್ಬಿತು. ನೂರಾ ಹದಿನೆಂಟು. ಐವರಲ್ಲಿ ಕೊನೆ. ಪಕ್ಕದಿಂದ ಗುಡಿಯಾ ಗೊಣಗಿದಳು: "ಭೈಯ್ಯಾ, ಅಬ್ಬಾ ಏನ್ ಹೇಳ್ಯಾರ? ಅಲ್ಲಿ ನಿಂತಿದ್ದು ಪಿನ್ನು. ಸರ್ ಅಲ್ಲ."

ಒಂದು ಪಟ್ಟಿ ಬಿಚ್ಚಿದ. ಬಿಚ್ಚಿದ್ದನ್ನು ಎಸೆಯಲು ಜಾಗ ಕಾಣದೆ ಬಿಳಿ ಹಲಗೆಗೆ, ಗೆರೆ ಬಿದ್ದ ತನ್ನ ಹೆಸರಿನ ಕೆಳಗೆ ಅಂಟಿಸಿದ. ಎರಡನೇ ಆಟ ನೂರಾ ಅರವತ್ತೆರಡು. ಮೂರನೆಯದರ ನಡುವೆ ಬೆರಳು ಬಿಗಿ ಎಂದಿತು, ಇನ್ನೊಂದು ಬಿಚ್ಚಿದ. ನೂರಾ ಎಪ್ಪತ್ತೊಂದು. ಆಗ ಅವನಿಗೆ ತಾನು ಬಹಳ ತಿಳಿದವನು ಅನ್ನಿಸಿತು. ನಾಲ್ಕನೇ ಆಟಕ್ಕೆ ಬೆರಳನ್ನು ಕೇಳದೆಯೇ ಎರಡು ಒಟ್ಟಿಗೆ ಕಿತ್ತ.

ಮೊದಲ ಬೀಸಿಗೇ ಚೆಂಡು ಹಿಂದೆ ಜಾರಿತು. ಒಂದು ಸಲ ಚೆಂಡು ನೆಲಕ್ಕೆ ಬಿದ್ದರೆ ಮುಗಿಯಿತು. ಸಂತಪುರದಲ್ಲಿ ಅಪ್ಪ ತಾರೀಖು ಕೇಳುವವರಿಗೆ ಏನೆನ್ನಬೇಕು? ಎಡಗೈ ಕೆಳಗೆ ಒಡ್ಡಿ, ಚೆಂಡನ್ನು ಹೊಟ್ಟೆಗೆ ಅವಚಿಕೊಂಡು, ಗಿರಕಿ ಹೊಡೆದು ಗೆರೆಯ ಹಿಂದೆ ನಿಂತ. ನೋಡುವವರಿಗೆ ಕೂಸನ್ನು ಮಳೆಯಿಂದ ಕಾಪಾಡಿದಂತಿತ್ತು.

"ಬಿತ್ತು!" ಎಂದರು ಸುಶೀಲಕುಮಾರ.

"ಎಲ್ಲಿ ಬಿತ್ರಿ?" ಗುಡಿಯಾ ಜೋರಾಗಿ ಕೇಳಿದಳು. "ನೆಲ ತೋರಸ್ರಿ. ಸದ್ದಾಯ್ತಾ?"

ಕೋಚ್ ಕೈ ಅಲ್ಲಾಡಿಸಿದರು. "ಬಿದ್ದಿಲ್ಲ. ಆಡ್ಲಿ."

ಹಲಗೆಯಿಂದ ಒಂದು ಪಟ್ಟಿ ಕಿತ್ತು ತಂದು ಮತ್ತೆ ಒಳಗೆ ಅಂಟಿಸಿದ. ಬೆರಳು ಒಳಹೋಗಿ, ಕೂತು, ಸರಿ ಎಂದಿತು. ಐದನೇ ಆಟದಲ್ಲಿ ಅದನ್ನು ತೆಗೆದ, ಆರನೆಯದರಲ್ಲಿ ಕೊನೆಯದನ್ನೂ ತೆಗೆದ. ಗಡಿಯಾರದಲ್ಲಿ ಮೂರೂವರೆ; ಎ.ಸಿ. ಆಗಲೇ ಆರಿತ್ತು. ಹೆಬ್ಬೆರಳು ಪೂರ್ತಿ ಬಾತಿತ್ತು. ಗುಲಾಮ ರಸೂಲ ಕೊರೆದ ಬರಿಯ ತೂತಿಗೆ ಅಷ್ಟೇ ಬೇಕಿತ್ತು. ಕೊನೆಯ ಚೆಂಡು ಬೆರಳು ಬಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ಹತ್ತೂ ಬಿದ್ದ ಸದ್ದು ಕೇಳಿತು. ಮೂರು ವರ್ಷ ಆ ಸದ್ದನ್ನು ಗೋಡೆಯ ಆಚೆಯಿಂದ ಕೇಳಿದ್ದವನಿಗೆ ಈ ಕಡೆಯಿಂದ ಅದು ಸಣ್ಣದಾಗಿ ಕೇಳುತ್ತದೆ ಎಂದು ಆಶ್ಚರ್ಯವಾಯಿತು.

ಆರು ಆಟದ ಒಟ್ಟಿನಲ್ಲಿ ಅಶ್ವಜಿತ ಎರಡನೆಯವನು, ಗುಡಿಯಾ ನಾಲ್ಕನೆಯವಳು. ಪರದೆಯ ಮೇಲೆ ಬಿದ್ದ ಅಂಕಗಳ ಜೊತೆ ಸುಶೀಲಕುಮಾರ ವಾದ ಮಾಡುವ ಹಾಗಿರಲಿಲ್ಲ. ಹಲಗೆ ಒರೆಸಿ ನಾಲ್ಕು ಹೆಸರು ಹೊಸದಾಗಿ ಬರೆದರು. 'ದೋಷ' ಎಂದಿದ್ದ ಜಾಗ ಸರಿಯಾಗಿ ಅಳಿಸಿರಲಿಲ್ಲ. ಅಶ್ವಜಿತ ತೋಳಿನಿಂದ ಒರೆಸಿದ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಸಂಬಳದವನು ಸುಮ್ಮನಿರುವುದನ್ನು ಬೇಗ ಕಲಿಯುತ್ತಾನೆ. ಅವನೂ ಅದರಲ್ಲಿ ಎಪ್ಪತ್ತೆಂಟಕ್ಕಿಂತ ಹೆಚ್ಚು ಅಂಕ ಪಡೆದವನು. ಆದರೆ ಕೋಚ್ ಚೀಲ ತೆರೆದು ತಮ್ಮ ಚೆಂಡನ್ನು ಹೊರಗಿಟ್ಟರು. ತೂತಿನೊಳಗೆ ಹೊಸ ಬಿಳಿಯ ಪಟ್ಟಿಗಳು ಕಂಡವು.

"ಸರ್," ಎಂದ. "ಇದು ನಿಮಗ ಮೊದ್ಲೇ ಗೊತ್ತಿತ್ತಲ್ರಿ. ನಮಗ್ಯಾಕ ಹೇಳಿಲ್ಲ?"

ಕೋಚ್ ನಕ್ಕರು. "ಎಲ್ಲ ಬಾಯಾಗ ಹಾಕ್ಬೇಕೇನು ತಮ್ಮಾ? ಆಡೋರು ತಾವೇ ಕಲೀತಾರ. ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

"ಈ ಹುಡುಗಿ ಎರಡ್ ತಿಂಗಳು ಚರ್ಮ ಕಿತ್ಕೊಂಡಾಳ್ರಿ. ನನ್ ಹೆಸ್ರ ಮುಂದ ದೋಷ ಅಂತ ಬರ್ದ್ರು. ನೀವು ಸಲಿಕಿ ಅಂದ್ರಿ."

"ಅರೆ, ಸೆಲೆಕ್ಟ್ ಆದೆಲ್ಲ. ಈಗ್ಯಾಕ ಅದು?"

ಅಶ್ವಜಿತನಿಗೆ ನಾಲ್ಕು ಲೇನುಗಳ ಎಣ್ಣೆ ನೆನಪಾಯ್ತು.

"ಸರ್, ಜನವರಿದಾಗ ನಿಮ್ ಚೆಂಡ್ ಹಿಂದ ಉದುರ್ತಲ್ರಿ. ಅವು ಎಣ್ಣಿಂದಲ್ಲ. ನೀವು ಒರೆಸ್ಲಿಕ್ಕ ಕೊಟ್ಟಿದ್ರಿ. ನಾ ಹೊಲಸು ಅಂತ ತಿಳ್ಕೊಂಡು ಎಲ್ಲ ಪಟ್ಟಿ ಕೆರ್ದು ತೆಗ್ದು ಸೀಮಿಎಣ್ಣಿಲಿಂದ ತಿಕ್ಕಿ ಕೊಟ್ಟಿದ್ದೆ."

ಕೋಚ್ ತನ್ವೀರ ತಮ್ಮ ಚೆಂಡಿನ ಮೇಲೆ ಕೈ ಇಟ್ಟರು, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ. "ಅದು ನೀನಾ? ಮೂರ್ ತಿಂಗಳಾತು! ಹೇಳ್ಲಿಕ್ಕೇನಾಗಿತ್ತು?"

"ನೀವೂ ಕೇಳ್ಲಿಲ್ರಿ," ಎಂದ ಅಶ್ವಜಿತ.

ಗುಡಿಯಾ ಶೂಗಳ ಕಪಾಟಿನ ಹಿಂದೆ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಹಲಗೆಯ ಮೇಲಿನ ಹೆಸರು ಹಾಗೇ ಇತ್ತು. ಅಶ್ವಜಿತ ಅದರ ಫೋಟೊ ಅಪ್ಪನಿಗೆ ಕಳಿಸಲೆಂದು ಫೋನು ತೆಗೆದ. ಬಾತ ಹೆಬ್ಬೆರಳಿಗೆ ಪರದೆ ತೆರೆಯಲಿಲ್ಲ. ಎಡಗೈಯಿಂದ ಅಂಕಿ ಒತ್ತುತ್ತಿರುವಾಗ ಮ್ಯಾನೇಜರ್ ಧ್ವನಿ ಬಂತು:

"ಏ ಅಶ್ವ! ಮೂರನೇ ಲೇನ್ ನಿಂತದ ನೋಡು. ಪಿನ್ ಸಿಕ್ಕೊಂಡಾವ."

ಫೋಟೊ ಕಳಿಸಿದ ಮೇಲೆ ಸ್ಪ್ಯಾನರು ತೆಗೆದುಕೊಂಡು, ಕಿವಿಗೆ ಹತ್ತಿ ತುರುಕುತ್ತ ಅವನು ಗೋಡೆಯ ಹಿಂದೆ ಹೋದ.